70 ಗ್ರಾಂ ಕಪ್ಪು, 20 ಲೀಟರ್ ಕೆಂಪು

ನಾನು ಮನೆಯಲ್ಲಿ ಮಾಡಿದ ಮೊದಲ ಐರಿಶ್ ರೆಡ್ ಏಲ್, ಅಂದರೆ ಕೆಂಪಗಿರಬೇಕಾದ ಬಿಯರ್, ಕಪ್ಪಗಿತ್ತು. ಗ್ಲಾಸನ್ನು ಅಡುಗೆಮನೆ ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಚೂರು ಕೆಂಪು. ಪಕ್ಕದ ಮನೆಯ ಅಜ್ಜನಿಗೆ ಒಂದು ಬಾಟಲಿ ಕೊಟ್ಟೆ. ಮಾರನೇ ದಿನ ಬೇಲಿ ಹತ್ತಿರ ಸಿಕ್ಕಾಗ ‘ಗ್ರ್ಯಾಂಡ್’ ಅಂದರು. ಡಬ್ಲಿನ್‌ಗೆ ಬಂದ ಹೊಸದರಲ್ಲಿ ಆಗಿದ್ದರೆ ಖುಷಿಪಡುತ್ತಿದ್ದೆ. ಇಲ್ಲಿ ಗ್ರ್ಯಾಂಡ್ ಅಂದರೆ ಭರ್ಜರಿ ಅಂತಲ್ಲ, ‘ಪರವಾಗಿಲ್ಲ ಬಿಡಪ್ಪ’ ಅಂತ.

ಅಜ್ಜ ಕಿಲ್ಕೆನ್ನಿ ಊರಿನವರು. ರೆಡ್ ಏಲ್‌ಗೆ ಹೆಸರಾದ ಸ್ಮಿಥ್‌ವಿಕ್ಸ್ ಬ್ರೂವರಿ 1710ರಲ್ಲಿ ಶುರುವಾದದ್ದು ಅಲ್ಲೇ. ಬರೆಯೋದು ಹಾಗೆ, ಹೇಳೋದು ‘ಸ್ಮಿಥಿಕ್ಸ್’. ನಡುವಿನ ‘ವ’ಕಾರ ಉಚ್ಚರಿಸಿದರೆ ಪಬ್‌ನಲ್ಲಿ ನೀವು ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ. 2013ರಲ್ಲಿ ಆ ಬ್ರೂವರಿ ಮುಚ್ಚಿ, ಕೆಲಸ ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್‌ಗೆ, ಅಂದರೆ ಗಿನ್ನೆಸ್ ಬ್ರೂವರಿಗೆ, ಬಂತು. ಅಜ್ಜನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಅಂಥವರ ಮುಂದೆ ಕರಿ ಬಿಯರ್ ಇಟ್ಟು ‘ರೆಡ್ ಏಲ್’ ಅಂದದ್ದು ನನ್ನ ತಪ್ಪೇ.

ಎಡವಟ್ಟು ಆದದ್ದು ಹುರಿದ ಬಾರ್ಲಿಯಲ್ಲಿ. ಇದು ಮಾಲ್ಟ್ ಅಲ್ಲ; ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಮೊಳಕೆ ಬರಿಸದ ಬಾರ್ಲಿಯನ್ನು ಕಾಫಿ ಬೀಜದ ಥರ ಕಪ್ಪಗೆ ಹುರಿದಿರುತ್ತಾರೆ. ಬಾಯಿಗೆ ಹಾಕಿಕೊಂಡರೆ ಥೇಟ್ ಸೀದ ಕಾಫಿ. ಇದೇ ಕಾಳು ಜಾಸ್ತಿ ಹಾಕಿದರೆ ಸ್ಟೌಟ್ ಅನ್ನೋ ಕರಿ ಬಿಯರ್, ಚೂರೇ ಚೂರು ಹಾಕಿದರೆ ಕೆಂಪು. ನಾನು ಕಾಲು ಕೆಜಿ ಪ್ಯಾಕೆಟ್ ಪೂರ್ತಿ ಸುರಿದಿದ್ದೆ. ಉಳಿಸಿ ಏನು ಮಾಡೋದು ಅಂತ. ಈಗ 20 ಲೀಟರಿಗೆ ಹಾಕೋದು 70 ಗ್ರಾಂ. ಅದೂ ಮಸಾಲೆ ತೂಗುವ ಸಣ್ಣ ತಕ್ಕಡಿಯಲ್ಲಿ. ಬೇರೆ ಎಲ್ಲದರಲ್ಲೂ ಕಣ್ಣಂದಾಜು ನಡೆಯುತ್ತದೆ, ಇದರಲ್ಲಿ ಇಲ್ಲ.

ಉಳಿದದ್ದು ಸರಳ. ಪೇಲ್ ಏಲ್ ಮಾಲ್ಟ್ 3.6 ಕೆಜಿ, ಕ್ಯಾರಮೆಲ್ ರುಚಿಗೆ ಕ್ರಿಸ್ಟಲ್ ಮಾಲ್ಟ್ 300 ಗ್ರಾಂ. 30 ಲೀಟರಿನ ಸ್ಟೀಲ್ ಪಾತ್ರೆಯಲ್ಲಿ 11 ಲೀಟರ್ ನೀರು 73 ಡಿಗ್ರಿಗೆ ಕಾಯಿಸಿ, ಒಳಗೆ ಬಲೆಯಂಥ ನೈಲಾನ್ ಚೀಲ ಇಳಿಬಿಟ್ಟು, ಪುಡಿ ಮಾಡಿದ ಮಾಲ್ಟನ್ನು ಅದರೊಳಗೆ ಸುರಿಯುತ್ತೇನೆ. ಕಾಳು ತಣ್ಣಗಿರುವುದರಿಂದ ಕಲಕಿದ ಮೇಲೆ ಶಾಖ 67ಕ್ಕೆ ಬಂದು ನಿಲ್ಲುತ್ತದೆ. ಪಾತ್ರೆಗೆ ಹಳೇ ರಜಾಯಿ ಹೊದಿಸಿ ಒಂದು ಗಂಟೆ ಬಿಡಬೇಕು. ಈ ಹೊತ್ತಿನಲ್ಲಿ ಕಾಳಿನ ಪಿಷ್ಟ ಸಕ್ಕರೆ ಆಗುತ್ತದೆ. ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಸಿಹಿ ಇರುತ್ತಲ್ಲ, ಕಾರಣ ಅದೇ. ಶಾಖ 70 ದಾಟಿದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಜಾಸ್ತಿ ಉಳಿದು ಬಿಯರ್ ಭಾರ ಅನಿಸುತ್ತದೆ. ತೀರಾ ಕಡಿಮೆ ಆದರೆ ನೀರುನೀರು.

ಆ 70 ಗ್ರಾಂ ಕಪ್ಪು ಕಾಳನ್ನು ಹಾಕೋದು ಕೊನೆಯ 15 ನಿಮಿಷ ಇರುವಾಗ. ಬಣ್ಣ ಬಿಡುತ್ತದೆ, ಸೀದ ಕಹಿ ಅಷ್ಟಾಗಿ ಬಿಡೋದಿಲ್ಲ. ಚಮಚದಲ್ಲಿ ಕಲಕುತ್ತಿದ್ದಂತೆ ಹೊಂಬಣ್ಣದ ನೀರಿನಲ್ಲಿ ಕಂದು ಗೆರೆಗಳು ಸುತ್ತುತ್ತವೆ, ಎರಡು ನಿಮಿಷದಲ್ಲಿ ಇಡೀ ಪಾತ್ರೆ ಹುಣಸೆಹಣ್ಣು ಕಿವುಚಿದ ನೀರಿನಂತಾಗುತ್ತದೆ. ಪಾತ್ರೆಯಲ್ಲಿ ಕೆಂಪು ಕಾಣೋದಿಲ್ಲ, ಗಾಬರಿ ಬೇಡ. ಒಂದು ಸೌಟು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದು ನೋಡಿ.

ಆಮೇಲೆ ಚೀಲ ಎತ್ತಿ ಜಾಲರಿ ಮೇಲಿಟ್ಟು, 76 ಡಿಗ್ರಿಯ 18 ಲೀಟರ್ ನೀರನ್ನು ನಿಧಾನಕ್ಕೆ ಹೊಯ್ಯುತ್ತೇನೆ. ಕಾಳೇ ಸುಮಾರು ನಾಲ್ಕು ಲೀಟರ್ ಕುಡಿದುಬಿಡುತ್ತದೆ. ಕೈಗೆ ಸಿಗೋದು 25. ಒಂದು ಸಲ ಇದನ್ನೇ ಮಾಡುತ್ತಿದ್ದಾಗ ಹಾಸನದಿಂದ ಅಮ್ಮ ವಿಡಿಯೊ ಕಾಲ್ ಮಾಡಿದಳು. “ಏನೋ ಅದು, ಇಷ್ಟು ದೊಡ್ಡ ಪಾತ್ರೆಲಿ ಗಂಜಿ ಕಾಯಿಸ್ತಿದ್ದೀಯಾ?” ಹೌದಮ್ಮ, ಬಾರ್ಲಿ ಗಂಜಿ ಅಂದೆ. ಸುಳ್ಳಲ್ಲ. ಚರಟವನ್ನು ಕಸಕ್ಕೆ ಹಾಕೋದು ಕಂಡು, “ಅಯ್ಯೋ, ದನಕ್ಕಾದ್ರೂ ಹಾಕೋ” ಅಂದಳು. ದೊಡ್ಡ ಬ್ರೂವರಿಗಳ ಚರಟ ಹೋಗೋದೂ ದನದ ಮೇವಿಗೇ. ನನ್ನ ಹಿತ್ತಲಲ್ಲಿ ದನ ಇಲ್ಲ, ಗೊಬ್ಬರದ ಗುಂಡಿ ಇದೆ.

ಕುದಿಸೋದು ಒಂದು ಗಂಟೆ. ಶುರುವಿನಲ್ಲಿ ಹಾಲಿನ ಥರ ಉಕ್ಕುತ್ತದೆ, ಪಕ್ಕದಿಂದ ಕದಲಬೇಡಿ. ಮನೆಯೆಲ್ಲ ಹಾರ್ಲಿಕ್ಸ್ ವಾಸನೆ. ಬಿಯರ್‌ಗೆ ಕಹಿ, ಘಮ ಕೊಡುವ ಹೂವು ಹಾಪ್ಸ್. ನಾನು ಹಾಕೋದು ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ತಳಿ: ಕುದಿ ಶುರುವಾದಾಗ 35 ಗ್ರಾಂ, ಕೊನೆಯ 10 ನಿಮಿಷಕ್ಕೆ 15 ಗ್ರಾಂ. ಈ ಬಿಯರ್‌ನಲ್ಲಿ ಹಾಪ್ಸ್ ಹಿಂದಿನ ಸಾಲಲ್ಲಿ ಕೂತಿರಬೇಕು. ಘಮಘಮ ಬರಲಿ ಅಂತ ಅಮೆರಿಕದ ಹಾಪ್ಸ್ ಹಾಕುವವರಿದ್ದಾರೆ. ಹಾಕಲಿ, ಆದರೆ ಅದನ್ನು ಐರಿಶ್ ರೆಡ್ ಅನ್ನೋದು ಬೇಡ.

ತಾಮ್ರದ ಸುರುಳಿಯಲ್ಲಿ ತಣ್ಣೀರು ಹರಿಸಿ ಅರ್ಧ ಗಂಟೆಯಲ್ಲಿ 20 ಡಿಗ್ರಿಗೆ ಇಳಿಸುತ್ತೇನೆ. ಇಲ್ಲಿಂದ ಮುಂದೆ ಮುಟ್ಟುವ ಪ್ರತಿಯೊಂದನ್ನೂ ಸ್ಯಾನಿಟೈಸರ್‌ನಲ್ಲಿ ಅದ್ದಿರಬೇಕು. ದ್ರವದಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆಯುವ ಹೈಡ್ರೋಮೀಟರ್ 1.043 ತೋರಿಸಿದರೆ ಸರಿ. ಯೀಸ್ಟ್ ಎಸ್-04, ಒಂದು ಪ್ಯಾಕೆಟ್.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಇದನ್ನು ಹುದುಗಲು ಇಡುವ ಜಾಗ. ಐರಿಶ್ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿಗೆ ಹಾಟ್ ಪ್ರೆಸ್ ಅನ್ನುತ್ತಾರೆ, ಟವೆಲ್ ಒಣಗಿಸೋಕೆ. ದೋಸೆ ಹಿಟ್ಟು ಅಲ್ಲಿಟ್ಟರೆ ಚಳಿಗಾಲದಲ್ಲೂ ಬೆಳಗ್ಗೆಗೆ ಹುಳಿ ಬರುತ್ತದೆ. ಬಿಯರ್‌ಗೂ ಒಳ್ಳೆಯದೇ ಇರಬೇಕು ಅಂದುಕೊಂಡು ಎರಡನೇ ಸಲ ಅಲ್ಲಿಟ್ಟೆ. ನಾಲ್ಕೇ ದಿನಕ್ಕೆ ಗುಳುಗುಳು ನಿಂತಿತು. ರುಚಿ ನೋಡಿದರೆ ನೇಲ್ ಪಾಲಿಶ್. ಇಟ್ಟ ಟವೆಲ್‌ಗಳಿಗೂ ಯೀಸ್ಟ್ ವಾಸನೆ. ಹೆಂಡತಿ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಪಾಠ ಕಲಿತೆ ಅಂತ ಮೂರನೇ ಸಲ ಜನವರಿಯಲ್ಲಿ ಹಿತ್ತಲಿನ ಶೆಡ್‌ನಲ್ಲಿಟ್ಟೆ. ಆ ಚಳಿಗೆ ಯೀಸ್ಟ್ ನಿದ್ದೆ ಹೋಯಿತು. ಗ್ಯಾಸ್ ಹೊರಬಿಡುವ ಮುಚ್ಚಳದ ಕೊಳವೆ ಏರ್‌ಲಾಕ್‌ನಲ್ಲಿ ಗುಳ್ಳೆ ಇಲ್ಲ, ಮುಗಿಯಿತು ಅಂದುಕೊಂಡು ಹೈಡ್ರೋಮೀಟರ್ ನೋಡದೇ ಬಾಟಲಿಗೆ ತುಂಬಿದೆ. ಬಾಟಲಿಗಳು ಬೆಚ್ಚಗಿನ ಅಡುಗೆಮನೆಗೆ ಬಂದ ಮೇಲೆ ಯೀಸ್ಟ್ ಎದ್ದಿತು, ಉಳಿದ ಸಕ್ಕರೆಯನ್ನೆಲ್ಲ ತಿಂದಿತು. ಮೊದಲ ಮುಚ್ಚಳ ತೆಗೆದಾಗ ಅರ್ಧ ಬಾಟಲಿ ಸೂರಿಗೆ ಹೊಡೆಯಿತು. ಕಲೆ ಇನ್ನೂ ಇದೆ. ಗಾಜು ಒಡೆಯದಿದ್ದದ್ದು ಪುಣ್ಯ.

ಈಗ ಮೆಟ್ಟಿಲ ಕೆಳಗೆ 18 ಡಿಗ್ರಿ ಆಸುಪಾಸಿನಲ್ಲಿ ಎರಡು ವಾರ ಇಡುತ್ತೇನೆ. ಗುಳ್ಳೆ ನಂಬೋದಿಲ್ಲ. ಮೂರು ದಿನ ಬಿಟ್ಟು ಎರಡು ಸಲ ನೋಡಿದಾಗ ಹೈಡ್ರೋಮೀಟರ್ ಒಂದೇ ಅಂಕಿ ಕೊಡಬೇಕು. ನನಗೆ ಸಿಗೋದು 1.012, ಅಂದರೆ ಆಲ್ಕೊಹಾಲ್ ಹೆಚ್ಚುಕಡಿಮೆ 4.1 ಶೇಕಡಾ. ಬಾಟಲಿಯಲ್ಲಿ ಗ್ಯಾಸ್ ಹುಟ್ಟಲಿ ಅಂತ 110 ಗ್ರಾಂ ಸಕ್ಕರೆ ಕುದಿಸಿ ಆರಿಸಿ ಬೆರೆಸಿ ತುಂಬಿದರೆ ಅರ್ಧ ಲೀಟರಿನ 38 ಬಾಟಲಿ ಬರುತ್ತದೆ. ಮೂರು ವಾರ ಮುಟ್ಟಬಾರದು.

ಇಲ್ಲಿ ಸ್ವಂತಕ್ಕೆ ಮನೆಯಲ್ಲಿ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮೂರಿನ ಅಬಕಾರಿ ಕಾನೂನು ಬೇರೆ. ಓದಿ ಉತ್ಸಾಹದಲ್ಲಿ ಪಾತ್ರೆ ಒಲೆಗೇರಿಸುವ ಮೊದಲು ಅದನ್ನು ನೋಡಿಕೊಳ್ಳಿ.

ಐದನೇ ಸಲದ್ದರಲ್ಲಿ ಮೂರು ಬಾಟಲಿ ಅಜ್ಜನಿಗೆ ಕೊಟ್ಟೆ. ಒಂದನ್ನು ನನ್ನ ಮುಂದೆಯೇ ಗ್ಲಾಸಿಗೆ ಬಗ್ಗಿಸಿ, ದೀಪಕ್ಕೆ ಹಿಡಿದು, ಏನೂ ಹೇಳದೆ ಕುಡಿದರು. ಗ್ರ್ಯಾಂಡ್ ಕೂಡ ಅನ್ನಲಿಲ್ಲ. ಭಾನುವಾರ ಬಾಗಿಲು ತೆಗೆದರೆ ಮೂರು ಖಾಲಿ ಬಾಟಲಿ, ಚೊಕ್ಕವಾಗಿ ತೊಳೆದು, ಬೋರಲು ಹಾಕಿ, ಹೊಸ್ತಿಲ ಮೇಲೆ ಸಾಲಾಗಿ ಇಟ್ಟಿದ್ದವು.