ಮೊದಲು ಕಾಲಿಗೆ, ಆಮೇಲೆ ಕಪಾಟಿಗೆ: ಫುಟ್‌ಬಾಲ್ ಸ್ಮರಣಿಕೆ ಸಂಗ್ರಹಿಸುವುದು ಹೇಗೆ?

1986ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ಗೆ ಮುನ್ನ ಅರ್ಜೆಂಟೀನಾ ತಂಡಕ್ಕೊಂದು ಚಿಂತೆ ಹತ್ತಿಕೊಂಡಿತು. ಇಂಗ್ಲೆಂಡ್ ವಿರುದ್ಧ ನೀಲಿ ಜೆರ್ಸಿ ತೊಟ್ಟು ಆಡಬೇಕಿತ್ತು. ಮೆಕ್ಸಿಕೊದ ಬಿಸಿಲಿಗೆ ಇದ್ದ ಜೆರ್ಸಿಗಳ ಬಟ್ಟೆ ತೀರಾ ದಪ್ಪ. ಕೊನೆಗೆ ಮೆಕ್ಸಿಕೊ ನಗರದ ಅಂಗಡಿಯೊಂದರಿಂದ ಹಗುರವಾದ ನೀಲಿ ಜೆರ್ಸಿಗಳನ್ನು ಕೊಂಡು ತಂದರು. ಅವಸರದಲ್ಲಿ ಲಾಂಛನ ಹೊಲಿದರು, ಬೆನ್ನಿಗೆ ಬೆಳ್ಳಿ ಬಣ್ಣದ ಅಂಕಿಗಳನ್ನು ಇಸ್ತ್ರಿಯ ಶಾಖದಿಂದ ಅಂಟಿಸಿದರು. ಅವು ಅಮೆರಿಕನ್ ಫುಟ್‌ಬಾಲ್ ಜೆರ್ಸಿಗಳಿಗೆಂದು ಮಾಡಿದ್ದ ಅಂಕಿಗಳು. ಜೂನ್ 22ರಂದು ಹಾಗೆ ಸಿದ್ಧವಾದ 10ನೇ ಸಂಖ್ಯೆಯ ಜೆರ್ಸಿ ತೊಟ್ಟು ಡಿಯೆಗೊ ಮರಡೋನಾ ನಾಲ್ಕೇ ನಿಮಿಷಗಳ ಅಂತರದಲ್ಲಿ ಎರಡು ಗೋಲು ಹೊಡೆದರು. ಒಂದು ಕೈ ತಗುಲಿಸಿ ಹೊಡೆದದ್ದು, ಇನ್ನೊಂದು ತಮ್ಮದೇ ಅಂಕಣದಿಂದ ಹೊರಟು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ದಾಟಿ ಹೊಡೆದದ್ದು. ಆ ಜೆರ್ಸಿ 2022ರಲ್ಲಿ ಹರಾಜಿನಲ್ಲಿ 71 ಲಕ್ಷ ಪೌಂಡ್‌ಗೆ ಹೋಯಿತು.

ಬಟ್ಟೆಗೆ ಆ ಬೆಲೆ ಬರಲಿಲ್ಲ, ಆ ನಾಲ್ಕು ನಿಮಿಷಗಳಿಗೆ ಬಂತು. ಆಟ ಗೊತ್ತಿಲ್ಲದವನ ಕೈಗೆ ಅದನ್ನು ಕೊಟ್ಟರೆ ಹಳೆಯ ನೀಲಿ ಅಂಗಿ ಎಂದು ಮಡಿಸಿಟ್ಟಾನು. ಆದ್ದರಿಂದ ಸಂಗ್ರಹ ಶುರುಮಾಡಬೇಕು ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಕೊಳ್ಳುವ ಕೆಲಸವನ್ನು ಕೊನೆಗಿಡಿ. ಹೆಸರು ತಿಳಿಯಿರಿ, ಚೆಂಡು ಒದೆಯಿರಿ, ಪಂದ್ಯಗಳನ್ನು ನೋಡಿ. ಕಪಾಟಿನಲ್ಲಿ ಏನಿರಬೇಕೆಂದು ಅದಾದ ಮೇಲೆ ತಾನಾಗಿಯೇ ಹೊಳೆಯುತ್ತದೆ.

ಹೆಸರಿನಿಂದ ಹೊರಡಿ

ಸಂಗ್ರಾಹಕನಿಗೆ ಈ ಆಟದ ಹೆಸರೇ ಮೊದಲ ಉಪಕರಣ. 1863ರ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟಾವರ್ನ್ ಎಂಬಲ್ಲಿ ಕೆಲವು ಕ್ಲಬ್‌ಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು. ಆಗ ಒಂದೊಂದು ಶಾಲೆಗೆ ಒಂದೊಂದು ನಿಯಮ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದೇ, ಎದುರಾಳಿಯ ಮೊಳಕಾಲ ಕೆಳಗೆ ಒದೆಯಬಹುದೇ ಎಂಬುದೇ ಜಗಳದ ವಿಷಯ. ಎರಡಕ್ಕೂ ಕೂಡದು ಎಂದ ನಿಯಮಾವಳಿ ಡಿಸೆಂಬರ್‌ನಲ್ಲಿ ಅಂತಿಮವಾಯಿತು. ಕೈಯಲ್ಲಿ ಹಿಡಿದು ಓಡುವ ಆಟ ರಗ್ಬಿ ಫುಟ್‌ಬಾಲ್ ಎಂದು ತನ್ನ ದಾರಿ ಹಿಡಿಯಿತು, ಇದು ಅಸೋಸಿಯೇಷನ್ ಫುಟ್‌ಬಾಲ್ ಆಯಿತು. ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಪದಗಳ ಬಾಲ ಕತ್ತರಿಸಿ ‘ಅರ್’ ಜೋಡಿಸುವ ಚಟವಿತ್ತು. ಅವರ ಬಾಯಲ್ಲಿ ರಗ್ಬಿ ‘ರಗ್ಗರ್’ ಆದಂತೆ ಅಸೋಸಿಯೇಷನ್ ‘ಸಾಕರ್’ ಆಯಿತು. ಸಾಕರ್ ಎಂದರೆ ಅಮೆರಿಕನ್ನರ ಅಪಭ್ರಂಶ ಎಂದು ಮೂಗು ಮುರಿಯುವವರಿದ್ದಾರೆ. ಆ ಪದದ ತವರು ಇಂಗ್ಲೆಂಡೇ.

ಇಟಲಿಯವರು ಇದನ್ನು ‘ಕಾಲ್ಚೊ’ ಎನ್ನುತ್ತಾರೆ, ಅಂದರೆ ಒದೆತ. ಫಿನ್ನಿಶ್ ಭಾಷೆಯ ‘ಯಾಲ್ಕಪಾಲ್ಲೊ’ದಲ್ಲಿ ಕಾಲೂ ಇದೆ, ಚೆಂಡೂ ಇದೆ, ನಮ್ಮ ಕಾಲ್ಚೆಂಡಿನ ಹಾಗೆಯೇ. ಇದು ಬರಿಯ ಪದಕುತೂಹಲವಲ್ಲ. ಅಂತರಜಾಲದ ಹರಾಜುಗಳಲ್ಲಿ ಫುಟ್‌ಬಾಲ್ ಎಂದು ಮಾತ್ರ ಹುಡುಕಿದರೆ ಅಮೆರಿಕದ ಮಾರಾಟಗಾರರ ಪಟ್ಟಿಯಲ್ಲಿ ಬೇರೆಯದೇ ಆಟದ ಸರಕು ಸಿಗುತ್ತದೆ. ಜೆರ್ಸಿ ಹುಡುಕುವವರು ಇಟಲಿಯ ‘ಮಾಲ್ಯಾ’, ಸ್ಪ್ಯಾನಿಷ್‌ನ ‘ಕಮಿಸೆಟಾ’, ಜರ್ಮನ್ನರ ‘ಟ್ರಿಕೊ’ ಎಂಬ ಪದಗಳನ್ನೂ ತಿಳಿದಿರಬೇಕು. ಹೆಸರು ಕಾಲವನ್ನೂ ಹೇಳುತ್ತದೆ. ಅಮೆರಿಕದಲ್ಲಿ ಈ ಆಟವನ್ನು ನಡೆಸುವ ಒಕ್ಕೂಟ 1913ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲಿ ಫುಟ್‌ಬಾಲ್ ಮಾತ್ರ ಇತ್ತು. 1945ರಲ್ಲಿ ಸಾಕರ್ ಸೇರಿತು, 1974ರಲ್ಲಿ ಫುಟ್‌ಬಾಲ್ ಬಿಟ್ಟುಹೋಯಿತು. ಎರಡೂ ಪದಗಳಿರುವ ಬ್ಯಾಡ್ಜೊಂದು ಕೈಗೆ ಬಂದರೆ ಅದು ಆ ಮೂರು ದಶಕಗಳದ್ದು ಎಂದು ಹೆಸರಿನಿಂದಲೇ ಅಂದಾಜು ಮಾಡಬಹುದು.

ಚೆಂಡಿನೊಂದಿಗೆ ಒಂದಿಷ್ಟು ದಿನ

ನಾನು ಒತ್ತಿ ಹೇಳುವ ಹೆಜ್ಜೆ ಇದು, ಹೆಚ್ಚಿನವರು ಹಾರಿಹೋಗುವ ಹೆಜ್ಜೆಯೂ ಇದೇ. ವಯಸ್ಕರಿಗೆ 5ನೇ ಅಳತೆಯ ಚೆಂಡು ಕೊಳ್ಳಿ. ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 410ರಿಂದ 450 ಗ್ರಾಂ. ಎಂಟರಿಂದ ಹನ್ನೆರಡರ ಮಕ್ಕಳಿಗೆ 4ನೇ ಅಳತೆ ಸಾಕು.

ಗೋಡೆಯೊಂದರಿಂದ ಏಳೆಂಟು ಹೆಜ್ಜೆ ದೂರ ನಿಲ್ಲಿ. ಒದೆಯದ ಕಾಲನ್ನು ಚೆಂಡಿನ ಪಕ್ಕದಲ್ಲಿ ಊರಿ. ಅದರ ಬೆರಳುಗಳು ಚೆಂಡು ಹೋಗಬೇಕಾದ ದಿಕ್ಕಿಗೆ ನೋಡುತ್ತಿರಲಿ. ಒದೆಯುವ ಪಾದವನ್ನು ಹೊರಕ್ಕೆ ತಿರುಗಿಸಿ, ಪಾದದ ಕೀಲನ್ನು ಬಿಗಿಹಿಡಿದು, ಒಳಬದಿಯಿಂದ ಚೆಂಡಿನ ನಟ್ಟನಡುವೆ ತಳ್ಳಿ. ಮರಳಿ ಬರುವ ಚೆಂಡನ್ನು ತಡೆಯಲು ಹೋಗಬೇಡಿ, ಬರಮಾಡಿಕೊಳ್ಳಿ. ಅದು ತಾಗುವ ಕ್ಷಣಕ್ಕೆ ಪಾದವನ್ನು ತುಸು ಹಿಂದಕ್ಕೆ ಎಳೆದುಕೊಂಡರೆ ವೇಗವೆಲ್ಲ ಅಲ್ಲೇ ಇಂಗುತ್ತದೆ. ಬಿಗಿದ ಪಾದಕ್ಕೆ ಬಡಿದರೆ ನಾಲ್ಕು ಹೆಜ್ಜೆ ಆಚೆಗೆ ಸಿಡಿಯುತ್ತದೆ. ಆಟದ ಅರ್ಧ ಸೊಬಗು ಈ ಮೊದಲ ಸ್ಪರ್ಶದಲ್ಲಿದೆ. ಬಲಗಾಲಿಗೆ ಐವತ್ತು ಸಲವಾದರೆ ಎಡಗಾಲಿಗೂ ಐವತ್ತು.

ಅದು ಕೈಗೂಡಿದ ಮೇಲೆ ಪಾದದ ಮೇಲ್ಭಾಗದಿಂದ, ಬೂಟಿನ ದಾರ ಕಟ್ಟುವ ಜಾಗದಿಂದ ಒದೆಯುವುದನ್ನು ಕಲಿಯಿರಿ. ಚೆಂಡಿನ ನಡುವನ್ನು ಬಿಟ್ಟು ಒಂದು ಬದಿಗೆ ಒದ್ದರೆ ಅದು ಗಿರ್ರನೆ ತಿರುಗುತ್ತಾ ಹೋಗುತ್ತದೆ. ತಿರುಗುವ ಚೆಂಡಿನ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆ ಬೇರೆಯಾಗಿ ಅದರ ದಾರಿ ಬಾಗುತ್ತದೆ. 1997ರಲ್ಲಿ ಫ್ರಾನ್ಸ್ ವಿರುದ್ಧ ಬ್ರೆಜಿಲ್‌ನ ರಾಬರ್ಟೊ ಕಾರ್ಲೊಸ್ ಸುಮಾರು 35 ಮೀಟರ್ ದೂರದಿಂದ ಹೊಡೆದ ಫ್ರೀ ಕಿಕ್ ಹೀಗೆ ಬಾಗಿ ಒಳಸೇರಿತು. ಗೋಲ್‌ಕೀಪರ್ ನಿಂತ ಜಾಗದಿಂದ ಕದಲಲಿಲ್ಲ.

ಇನ್ನು ಕ್ರೈಫ್ ತಿರುವು. ಒದೆಯುವವರಂತೆ ಕಾಲು ಬೀಸಿ, ಒದೆಯದೆ, ಊರಿದ ಕಾಲಿನ ಹಿಂದಿನಿಂದ ಪಾದದ ಒಳಬದಿಯಲ್ಲಿ ಚೆಂಡನ್ನೆಳೆದು ಸರಕ್ಕನೆ ತಿರುಗಿಬಿಡುವುದು. 1974ರ ವಿಶ್ವಕಪ್‌ನಲ್ಲಿ ಡಾರ್ಟ್‌ಮುಂಡ್‌ನಲ್ಲಿ ಸ್ವೀಡನ್ನಿನ ಯಾನ್ ಓಲ್ಸನ್ ಎದುರು ನೆದರ್ಲೆಂಡ್ಸ್‌ನ ಯೋಹಾನ್ ಕ್ರೈಫ್ ಇದನ್ನು ಮಾಡಿದಾಗ ಜಗತ್ತು ಬೆರಗಾಯಿತು. ಆ ಪಂದ್ಯದ ಫಲಿತಾಂಶ 0–0. ಅಂಕಪಟ್ಟಿ ಮಾತ್ರ ಓದುವವನಿಗೆ ಅದರ ಟಿಕೆಟ್ ರದ್ದಿ ಕಾಗದ. ಆ ತಿರುವನ್ನು ಹತ್ತು ಸಲ ಯತ್ನಿಸಿ ಹತ್ತು ಸಲವೂ ಕಾಲಿಗೆ ಕಾಲು ತೊಡರಿಸಿಕೊಂಡವನು ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ.

ಒಂದೇ ಎಳೆ ಹಿಡಿಯಿರಿ

ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದರೆ ಅದು ಉಗ್ರಾಣವಾಗುತ್ತದೆ. ಒಂದು ತಂಡ, ಒಬ್ಬ ಆಟಗಾರ್ತಿ, ಒಂದು ವಿಶ್ವಕಪ್, ಇಲ್ಲವೇ ಒಂದೇ ಬಗೆಯ ವಸ್ತು ಎಂದು ನಿರ್ಧರಿಸಿ. ಗೋಲ್‌ಕೀಪರ್‌ಗಳ ಕೈಗವಸನ್ನಷ್ಟೇ ಕೂಡಿಡಬಹುದು, ಗೋಲಿಲ್ಲದ ಪಂದ್ಯಗಳ ಟಿಕೆಟ್‌ಗಳನ್ನಷ್ಟೇ ಕೂಡಿಡಬಹುದು. ಹಣ ಕಡಿಮೆಯಿದ್ದವರಿಗೆ ಟಿಕೆಟ್, ಪಂದ್ಯದ ದಿನ ಮಾರುವ ಕಿರುಪುಸ್ತಿಕೆ, ಶಾಲು, ಬ್ಯಾಡ್ಜ್, ಸ್ಟಿಕರ್ ಒಳ್ಳೆಯ ಆರಂಭ.

ಸ್ಟಿಕರ್ ಬಗ್ಗೆ ಒಂದು ಮಾತು. ಇಟಲಿಯ ಮೊಡೆನಾದ ಪಾನೀನಿ ಸಹೋದರರ ಸಂಸ್ಥೆ 1961ರಲ್ಲಿ ಶುರುವಾಗಿ, 1970ರ ಮೆಕ್ಸಿಕೊ ವಿಶ್ವಕಪ್‌ಗೆ ತನ್ನ ಮೊದಲ ವಿಶ್ವಕಪ್ ಆಲ್ಬಮ್ ತಂದಿತು. ಅಂಟಿಸದ ಸ್ಟಿಕರ್‌ಗೆ ಬೆಲೆ ಹೆಚ್ಚು ಎಂದು ವ್ಯಾಪಾರಿಗಳು ಹೇಳುತ್ತಾರೆ, ಅದು ನಿಜವೂ ಹೌದು. ಆದರೂ ಮಕ್ಕಳ ಕೈಯಲ್ಲಿ ಆಲ್ಬಮ್ ಇದ್ದರೆ ಅಂಟಿಸಲು ಬಿಡಿ. ಹೆಚ್ಚಾದ ಎರಡು ಸ್ಟಿಕರ್ ಕೊಟ್ಟು ಇಲ್ಲದ ಒಂದನ್ನು ಗೆಳೆಯನಿಂದ ಪಡೆಯುವಾಗ ಮಗು ಆಟಗಾರರ ಹೆಸರು, ಊರು, ಸ್ಥಾನ ಎಲ್ಲವನ್ನೂ ಕಲಿಯುತ್ತದೆ. ತುಂಬಿದ ಆಲ್ಬಮ್‌ಗಿಂತ ಚೆಲುವಾದ ಸ್ಮರಣಿಕೆಯನ್ನು ನಾನು ಕಂಡಿಲ್ಲ.

ಅಸಲಿಯೋ ನಕಲಿಯೋ?

ಜೆರ್ಸಿಗಳಲ್ಲಿ ಮೂರು ದರ್ಜೆ. ಅಭಿಮಾನಿಗಳಿಗೆಂದು ಅಂಗಡಿಯಲ್ಲಿ ಮಾರುವುದು ಒಂದು. ಆಟಗಾರನಿಗೆಂದು ಸಿದ್ಧಪಡಿಸಿ, ಮೈದಾನಕ್ಕೆ ಇಳಿಯದೆ ಉಳಿದದ್ದು ಎರಡನೆಯದು. ಪಂದ್ಯದಲ್ಲಿ ನಿಜವಾಗಿ ತೊಟ್ಟದ್ದು ಮೂರನೆಯದು. ಮೊದಲ ದರ್ಜೆಯದನ್ನು ಮೂರನೆಯದರ ಬೆಲೆಗೆ ಮಾರುವುದೇ ಈ ಪೇಟೆಯ ಹಳೆಯ ಮೋಸ.

ಇಲ್ಲಿ ಆಟದ ಇತಿಹಾಸ ನಿಮ್ಮ ಕಾವಲಿಗೆ ನಿಲ್ಲುತ್ತದೆ. ವಿಶ್ವಕಪ್‌ನಲ್ಲಿ ಬೆನ್ನಿಗೆ ಅಂಕಿ ಬಂದದ್ದು 1950ರಲ್ಲಿ, ಹೆಸರು ಬಂದದ್ದು 1994ರಲ್ಲಿ. 1990ರ ವಿಶ್ವಕಪ್ ಪಂದ್ಯದಲ್ಲಿ ತೊಟ್ಟದ್ದು ಎಂದು ತೋರಿಸುವ ಜೆರ್ಸಿಯ ಬೆನ್ನ ಮೇಲೆ ಆಟಗಾರನ ಹೆಸರಿದ್ದರೆ ಮಾತು ಬೆಳೆಸದೆ ಹಿಂದಿರುಗಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಹೆಸರು ಕಾಯಂ ಆದದ್ದು 1993–94ರ ಋತುವಿನಿಂದ. ಕಪ್ಪು ಪಂಚಕೋನ, ಬಿಳಿ ಷಟ್ಕೋನಗಳ 32 ತುಂಡಿನ ಚೆಂಡು ವಿಶ್ವಕಪ್‌ಗೆ ಬಂದದ್ದು 1970ರಲ್ಲಿ, ಅಡಿಡಾಸ್‌ನ ಟೆಲ್‌ಸ್ಟಾರ್ ಆಗಿ; ಕಪ್ಪು ಬಿಳುಪು ಟಿ.ವಿ.ಯಲ್ಲಿ ಎದ್ದು ಕಾಣಲೆಂದೇ ಅದಕ್ಕೆ ಆ ವೇಷ. ಅಂಥ ಚೆಂಡನ್ನು 1966ರ ಫೈನಲ್‌ನದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಫೈನಲ್‌ನ ಚೆಂಡು ಕಿತ್ತಳೆ ಬಣ್ಣದ್ದು. ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್‌ಗೆ ಸೇರಬೇಕಿದ್ದ ಅದನ್ನು ಜರ್ಮನಿಯ ಹೆಲ್ಮುಟ್ ಹಾಲರ್ ಮನೆಗೊಯ್ದರು. ಇಂಗ್ಲೆಂಡಿಗೆ ಅದು ಮರಳಿದ್ದು 30 ವರ್ಷಗಳ ನಂತರ, 1996ರಲ್ಲಿ.

ಎರಡನೆಯ ಪರೀಕ್ಷೆ ಚಿತ್ರಗಳದ್ದು. ಮರಡೋನಾ ಜೆರ್ಸಿ ಹರಾಜಿಗೆ ಬಂದಾಗ, ಇದು ಗೋಲುಗಳಿಲ್ಲದ ಮೊದಲಾರ್ಧದಲ್ಲಿ ತೊಟ್ಟದ್ದು ಎಂದು ಅವರ ಮಗಳೇ ತಕರಾರು ತೆಗೆದರು. ಹರಾಜು ಸಂಸ್ಥೆ ಪಂದ್ಯದ ಛಾಯಾಚಿತ್ರಗಳೊಂದಿಗೆ ಲಾಂಛನ, ಪಟ್ಟೆ, ಅಂಕಿ ಇವೆಲ್ಲವುಗಳ ಸೂಕ್ಷ್ಮ ಗುರುತುಗಳನ್ನು ಹೋಲಿಸಿ ಇದು ದ್ವಿತೀಯಾರ್ಧದ್ದೇ ಎಂದು ಹೇಳಿತು. ಅವಸರದ ಕೈಕೆಲಸದಲ್ಲಿ ಒಂದರಂತೆ ಇನ್ನೊಂದು ಬರುವುದಿಲ್ಲ; ಅಂದಿನ ಓರೆಕೋರೆಯೇ ಇಂದಿಗೆ ಸಾಕ್ಷಿಯಾಯಿತು. ನೀವೂ ಇದನ್ನು ಮಾಡಬಹುದು. ಪಂದ್ಯದ ಚಿತ್ರಗಳನ್ನು ದೊಡ್ಡದು ಮಾಡಿ, ಪಟ್ಟೆ ಹೊಲಿಗೆಯನ್ನು ಎಲ್ಲಿ ಕೂಡುತ್ತದೆ, ಅಂಕಿ ಎಷ್ಟು ವಾಲಿದೆ ಎಂದು ನೋಡಿ.

ಮೂರನೆಯದು ಕೈಬದಲಿನ ಕಥೆ. ಆ ಜೆರ್ಸಿಯ ದಾರಿ ನೇರವಾಗಿತ್ತು. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ತಮ್ಮ ಜೆರ್ಸಿ ಕೊಟ್ಟು ಅದನ್ನು ಪಡೆದರು, ಸುಮಾರು ಎರಡು ದಶಕ ವಸ್ತುಸಂಗ್ರಹಾಲಯದಲ್ಲಿ ಇಟ್ಟರು, ಆಮೇಲೆ ಮಾರಿದರು. ನಡುವೆ ಕತ್ತಲೆಯ ಕೈ ಇಲ್ಲ. ಮಾರುವವರನ್ನು ಇದನ್ನೇ ಕೇಳಿ: ನಿಮಗೆ ಯಾರು ಕೊಟ್ಟರು, ಅವರಿಗೆ ಯಾರು ಕೊಟ್ಟರು? ಪ್ರಮಾಣಪತ್ರ ಅದನ್ನು ಕೊಟ್ಟವರ ನಂಬಿಕೆಯಷ್ಟೇ ಬಾಳುತ್ತದೆ.

ಹಸ್ತಾಕ್ಷರವನ್ನು ಭೂತಗನ್ನಡಿಯಲ್ಲಿ ನೋಡಿ. ಅಚ್ಚು ಮಾಡಿದ್ದಾದರೆ ಶಾಯಿ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತದೆ. ಕೈಬರಹದಲ್ಲಿ ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳು. ಎರಡು ಹಸ್ತಾಕ್ಷರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂತರೆ ಅನುಮಾನಿಸಿ, ಮನುಷ್ಯನ ಕೈ ಹಾಗೆ ಬರೆಯುವುದಿಲ್ಲ.

ಕಾಪಿಡುವುದು

ಪಂದ್ಯದಲ್ಲಿ ತೊಟ್ಟ ಜೆರ್ಸಿಯನ್ನು ಒಗೆಯಬೇಡಿ. ಮಣ್ಣು, ಹುಲ್ಲಿನ ಕಲೆ ಅದರ ಪುರಾವೆ. ಅಂಕಿ, ಅಕ್ಷರ ಅಂಟಿಸಿದ ಜಾಗದಲ್ಲಿ ಮಡಿಕೆ ಬೀಳದಂತೆ, ನಡುವೆ ಆಮ್ಲರಹಿತ ತೆಳುಕಾಗದ ಇಟ್ಟು ಅಗಲವಾದ ಪೆಟ್ಟಿಗೆಯಲ್ಲಿ ಮಲಗಿಸಿ. ಚೌಕಟ್ಟಿನಲ್ಲಿ ತೂಗುಹಾಕುವುದಾದರೆ ಅತಿನೇರಳೆ ಕಿರಣ ತಡೆಯುವ ಗಾಜು ಬೇಕು, ಬಿಸಿಲು ಬೀಳದ ಗೋಡೆ ಬೇಕು. ಹಸ್ತಾಕ್ಷರದ ಶಾಯಿ ಬೆಳಕಿಗೆ ಬೇಗ ಮಾಸುತ್ತದೆ.

ಹಳೆಯ ಚರ್ಮದ ಚೆಂಡಿಗೆ ಪೂರ್ತಿ ಗಾಳಿ ತುಂಬಿದರೆ ಹೊಲಿಗೆ ಬಿಡುತ್ತದೆ. ಆಕಾರ ನಿಲ್ಲುವಷ್ಟು ಸಾಕು.

ಕಾಗದದ ವಿಷಯದಲ್ಲಿ ನನ್ನ ನಷ್ಟ ನಿಮಗೆ ಪಾಠವಾಗಲಿ. ಅಗ್ಗದ ಪಿ.ವಿ.ಸಿ. ಹಾಳೆಗಳಲ್ಲಿ ಹಳೆಯ ಟಿಕೆಟ್‌ಗಳನ್ನು ಜೋಡಿಸಿಟ್ಟಿದ್ದೆ. ಕೆಲವು ವರ್ಷ ಬಿಟ್ಟು ತೆರೆದಾಗ ಅಚ್ಚಿನ ಶಾಯಿ ಪ್ಲಾಸ್ಟಿಕ್‌ಗೆ ಹತ್ತಿಕೊಂಡಿತ್ತು, ಟಿಕೆಟ್ ಬೋಳಾಗಿತ್ತು. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಗಳನ್ನೇ ಬಳಸಿ. ಶಾಖದಿಂದ ಅಚ್ಚಾಗುವ ನುಣುಪು ಕಾಗದದ ಟಿಕೆಟ್‌ಗಳು ಹೇಗಿಟ್ಟರೂ ಮಾಸುತ್ತವೆ, ಕೊಂಡ ದಿನವೇ ಅವುಗಳ ಚಿತ್ರ ತೆಗೆದುಕೊಳ್ಳಿ. ಕಳವಿನ ಭಯಕ್ಕೂ ಚಿತ್ರಗಳು ಬೇಕು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ನಡೆಸುವ ಎಫ್.ಎ. ಕಪ್‌ನ ಮೊದಲ ಟ್ರೋಫಿ 1895ರಲ್ಲಿ ಬರ್ಮಿಂಗ್‌ಹ್ಯಾಮಿನ ಅಂಗಡಿಯ ಗಾಜಿನ ಹಿಂದಿನಿಂದಲೇ ಕಾಣೆಯಾಯಿತು. ವಿಶ್ವಕಪ್‌ನ ಹಳೆಯ ಟ್ರೋಫಿಯಾದ ಜೂಲ್ಸ್ ರಿಮೆ ಕಪ್ 1966ರಲ್ಲಿ ಕಳವಾಗಿ ಪಿಕಲ್ಸ್ ಎಂಬ ನಾಯಿಯಿಂದ ಸಿಕ್ಕಿತು. 1983ರಲ್ಲಿ ರಿಯೊದಲ್ಲಿ ಮತ್ತೆ ಕಳವಾದದ್ದು ಇಂದಿಗೂ ಸಿಕ್ಕಿಲ್ಲ.

ಪ್ರತಿ ವಸ್ತುವಿಗೂ ಒಂದು ಚೀಟಿ

ವಸ್ತು ಮನೆಗೆ ಬಂದ ದಿನವೇ ಆಮ್ಲರಹಿತ ಕಾಗದದ ಚೀಟಿಯೊಂದನ್ನು ಅದರ ಜೊತೆಗಿಡಿ. ಐದು ಸಾಲು ಸಾಕು: ಏನು, ಯಾವ ಪಂದ್ಯ, ಯಾವ ದಿನ, ಯಾರಿಂದ ಬಂತು, ಆ ಪಂದ್ಯದಲ್ಲಿ ನೀವು ಕಂಡದ್ದೇನು. ಮೊದಲ ನಾಲ್ಕನ್ನು ಬೇರೆಯವರೂ ಬರೆದಾರು. ಐದನೆಯದಕ್ಕೆ ಪಂದ್ಯವನ್ನು, ಅದರ ವಿಡಿಯೊ ಸಿಕ್ಕರೆ ವಿಡಿಯೊವನ್ನು, ಪೂರ್ತಿ ನೋಡಿ ಅಂದೇ ಬರೆಯಿರಿ. ‘ಎಡಗಾಲಿನವನಿಗೆ ಎರಡು ಸಲ ಚೆಂಡು ಮುಂದೆ ಸಿಡಿಯಿತು, ಮೂರನೆಯ ಸಲ ನಿಂತಿತು, ಗೋಲು ಬಂದದ್ದು ಅಲ್ಲಿಂದ’ ಎಂಬಂಥ ಒಂದು ಸಾಲು. ಪೆನ್ಸಿಲಿನಲ್ಲೇ ಬರೆಯಿರಿ, ಶಾಯಿ ಪಕ್ಕದ ಬಟ್ಟೆಗೆ ಇಳಿಯುತ್ತದೆ.