ಶೇರು ಕೊಂಡಾಯಿತು, ಮಾರುವವರೆಗೆ ಏನು ಮಾಡುವುದು?

ಶೇರು ಕೊಳ್ಳಲು ಎರಡು ನಿಮಿಷ ಸಾಕು, ಅದನ್ನು ಯಾರೂ ಕಲಿಸಬೇಕಾಗಿಲ್ಲ. ನಾವು ಎಡವುವುದು ಕೊಂಡ ಮೇಲೆ, ಮಾರುವ ಮೊದಲು.

2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ. ಭಾವನ ಜೊತೆ ಮಂಗಳೂರಿನ ಹಂಪನಕಟ್ಟೆಯ ಹೋಟೆಲೊಂದರಲ್ಲಿ ಕೂತಿದ್ದೆ. ಹಿಂದಿನ ದಿನ ಮಾರ್ಕೆಟ್ ಜೋರಾಗಿ ಏರಿದ್ದಾಗ ಅವರು 500 ರೂಪಾಯಿಯಂತೆ 100 ಶೇರು ಕೊಂಡಿದ್ದರು. 480ಕ್ಕೆ ಇಳಿದರೆ ಮಾರುವುದು ಅಂತ ಲೆಕ್ಕ. ಆದರೆ ಲೆಕ್ಕ ತಲೆಯಲ್ಲಿತ್ತು, ಆರ್ಡರಿನಲ್ಲಿ ಇರಲಿಲ್ಲ. ಮುಂದಿದ್ದ ಗೋಳಿಬಜೆ ತಣ್ಣಗಾಯಿತು. ಭಾವ ಹೆಬ್ಬೆರಳಿನಿಂದ ಸ್ಕ್ರೀನ್ ಎಳೆದು ಬಿಡುತ್ತಲೇ ಇದ್ದರು, ಎಳೆದಷ್ಟೂ ರೇಟು ಏರ್ತದೆ ಅನ್ನುವ ಹಾಗೆ. 480 ಬಂತು. "ಈಗ ಮಾರ್ಲಿಕ್ಕೆ ಆಗ್ತದಾ ಮಾರಾಯ, 470 ನೋಡುವ" ಅಂದರು. ಆಮೇಲೆ 460. ಕೊನೆಗೆ ಮಾರಿದ್ದು 431ಕ್ಕೆ. 2,000ದಲ್ಲಿ ಮುಗಿಯಬೇಕಿದ್ದ ನಷ್ಟ 6,900 ಆಯಿತು. 50 ದೊಡ್ಡ ಕಂಪನಿಗಳ ಶೇರಿನ ಸೂಚ್ಯಂಕ ನಿಫ್ಟಿ ಅವತ್ತು ಸುಮಾರು ಶೇ 6ರಷ್ಟು ಬಿತ್ತು. ಬೆಳಗ್ಗೆ ಒಂದೇ ಏಟಿಗೆ ಅಲ್ಲ, ಗಂಟೆಗಟ್ಟಲೆ ಇಳಿಯುತ್ತಾ ಹೋಯಿತು. ಹೊರಬರಲು ಸಮಯ ಬೇಕಾದಷ್ಟಿತ್ತು.

ಮೊದಲ ಕೆಲಸ, ಮಾರ್ಕೆಟ್ ತೆರೆಯುವ 9.15ಕ್ಕೆ ಮೊದಲೇ ಒಂದು ಚೀಟಿ ಬರೆಯುವುದು: ಕೊಳ್ಳುವ ರೇಟು, ನಷ್ಟದಲ್ಲಿ ಬಿಡುವ ರೇಟು, ಲಾಭದಲ್ಲಿ ಬಿಡುವ ರೇಟು. ತಡೆದುಕೊಳ್ಳಬಲ್ಲ ನಷ್ಟವನ್ನು ಮೊದಲ ಎರಡರ ಅಂತರದಿಂದ ಭಾಗಿಸಿದರೆ ಎಷ್ಟು ಶೇರು ಅಂತ ಗೊತ್ತಾಗುತ್ತದೆ.

ಎರಡನೆಯದು ಸ್ಟಾಪ್‌ಲಾಸ್, ಅಂದರೆ ನಷ್ಟದಲ್ಲಿ ಬಿಡುವ ರೇಟು ಬಂದರೆ ತಾನಾಗಿ ಮಾರುವ ಆರ್ಡರ್. ಜಾಸ್ತಿ ಜನ ತಪ್ಪುವುದು ಇಲ್ಲೇ. ಶೇರು ಬಂದ ಕೂಡಲೇ ಹಾಕಿ, ಚಹಾ ಕುಡಿದು ಬಂದ ಮೇಲೆ ಅಲ್ಲ. ಸ್ಟಾಪ್‌ಲಾಸಿನ ಎಸ್‌ಎಲ್ ಆರ್ಡರಿನಲ್ಲಿ ಎರಡು ರೇಟು ಕೇಳುತ್ತದೆ. ಟ್ರಿಗರ್ ಅಂದರೆ ಆರ್ಡರ್ ಎಚ್ಚರವಾಗುವ ರೇಟು, ಲಿಮಿಟ್ ಅಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡ ಅನ್ನುವ ರೇಟು. ಎರಡಕ್ಕೂ 480 ಹಾಕಿದಿರೋ, ರೇಟು ಸರ್ರನೆ 479ಕ್ಕೆ ಜಾರಿದಾಗ ಆರ್ಡರ್ ನೇತಾಡುತ್ತಾ ಉಳಿಯುತ್ತದೆ. ಟ್ರಿಗರ್ 480 ಇದ್ದರೆ ಲಿಮಿಟ್ 477 ಇಡಿ. ಎಸ್‌ಎಲ್-ಎಂ (ಎಂ ಅಂದರೆ ಮಾರ್ಕೆಟ್) ಆದರೆ ಟ್ರಿಗರ್ ಬಂದ ಮೇಲೆ ಸಿಕ್ಕಿದ ರೇಟಿಗೆ ಮಾರಿಬಿಡುತ್ತದೆ. ಆಪ್ಷನ್ಸ್‌ನಲ್ಲಿ, ಅಂದರೆ ಇಂಥ ರೇಟಿಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯಾಪಾರದಲ್ಲಿ, ಅದನ್ನು ರಾಷ್ಟ್ರೀಯ ಶೇರುಪೇಟೆ ಎನ್‌ಎಸ್‌ಇ 2021ರಲ್ಲೇ ನಿಲ್ಲಿಸಿದೆ. ಇವೆಲ್ಲ ಆ ದಿನದ ಆರ್ಡರುಗಳು, ಸಂಜೆಗೆ ರದ್ದು. ನಾಲ್ಕು ದಿನ ಇಟ್ಟುಕೊಳ್ಳುವವರು ಜಿಟಿಟಿ, ಅಂದರೆ ಟ್ರಿಗರ್ ರೇಟು ಬರುವವರೆಗೆ ದಿನಗಟ್ಟಲೆ ಕಾಯುವ ಆರ್ಡರ್ ಹಾಕಬೇಕು. ರಾತ್ರಿ ಏನೋ ಆಗಿ ಬೆಳಗ್ಗೆ ಶೇರು 450ಕ್ಕೇ ತೆರೆದರೆ ಮಾತ್ರ 480 ಯಾವ ಆರ್ಡರಿಗೂ ಸಿಗಲಿಕ್ಕಿಲ್ಲ. ಅದಕ್ಕೇ ರಾತ್ರಿ ಇಡುವ ಶೇರು ಕಡಿಮೆ ಇರಲಿ.

ಇನ್ನು ಕೈ ಕಟ್ಟಿ ಕೂರುವುದು. ಸ್ಟಾಪ್‌ಲಾಸನ್ನು ಮೇಲಕ್ಕೆ ಸರಿಸಬಹುದು, ಕೆಳಕ್ಕೆ ಸುತಾರಾಂ ಇಲ್ಲ. ಭಾವ ಮಾಡಿದ್ದು ಹೊಸ ತಪ್ಪೇನಲ್ಲ. ಲಾಭದ ಶೇರನ್ನು ಬೇಗ ಮಾರಿ, ನಷ್ಟದ್ದನ್ನು ತಬ್ಬಿಕೊಂಡು ಕೂರುವ ಈ ಚಾಳಿಯ ಬಗ್ಗೆ ಶೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಅಮೆರಿಕದ ಪ್ರಾಧ್ಯಾಪಕರು 1985ರಲ್ಲೇ ಬರೆದಿದ್ದಾರೆ. ಇಳಿದಾಗ ಇನ್ನಷ್ಟು ಕೊಂಡು ಆವರೇಜ್ ಮಾಡುವುದೂ, ಅಂದರೆ ಕೊಂಡ ಸರಾಸರಿ ರೇಟು ಇಳಿಸುವುದೂ ಇದೇ ಚಾಳಿ. ಕೊಂಡ ದಿನವೇ ಮಾರುವ ಇಂಟ್ರಾಡೇಯಲ್ಲಂತೂ ಬೇಡವೇ ಬೇಡ.

ನಾನು 11ಕ್ಕೊಮ್ಮೆ, ಎರಡೂವರೆಗೊಮ್ಮೆ ನೋಡುತ್ತೇನೆ. ನಡುವೆ ಅಲರ್ಟ್ ಬಂದರೆ ಮಾತ್ರ. ನೋಡುವಾಗಲೂ ರೇಟು ಮಾತ್ರ; ಲಾಭ-ನಷ್ಟ ತೋರಿಸುವ ಹಸಿರು-ಕೆಂಪು ಪುಟ ತೆರೆಯುವುದಿಲ್ಲ. ಫೋನಿನ ಮುಖಪುಟದಲ್ಲಿ ರೇಟು ಕುಣಿಸುವ ವಿಜೆಟ್ ಇದ್ದರೆ ಇವತ್ತೇ ತೆಗೆಯಿರಿ. ದುಡ್ಡು ಕೊಟ್ಟು ಸೇರುವ ಟೆಲಿಗ್ರಾಂ ಟಿಪ್ಸ್ ಗುಂಪು ಅದಕ್ಕಿಂತ ಕಡೆ. "ಹೋಲ್ಡ್ ಮಾಡಿ" ಅಂದವರು ರೇಟು ಬಿದ್ದಾಗ ಮಾಯ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಶೇರಿನ ಮುಂದಿನ ರೇಟಿನ ಮೇಲೆ ಒಪ್ಪಂದ ಮಾಡುವ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93 ಜನ ಕಳೆದುಕೊಂಡಿದ್ದಾರೆ ಅಂತ ಶೇರುಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ.

ನಮ್ಮ ಊರಿನ ಮಳೆಗಾಲದ ತಾಪತ್ರಯ ಬೇರೆ. ಗಾಳಿ ಬೀಸಿದರೆ ಕರೆಂಟಿಲ್ಲ, ಕರೆಂಟ್ ಹೋದರೆ ವೈಫೈ ಇಲ್ಲ. ಬೇರೆ ಕಂಪನಿಯ ಸಿಮ್ ಒಂದಿರಲಿ, ಬ್ರೋಕರಿನ ಫೋನ್ ನಂಬರು ಚೀಟಿಯಲ್ಲಿರಲಿ. ಸ್ಟಾಪ್‌ಲಾಸ್ ಹಾಕಿದ್ದರೆ ಅದು ಎಕ್ಸ್‌ಚೇಂಜಿನಲ್ಲಿರುತ್ತದೆ (ಜಿಟಿಟಿ ಆದರೆ ಬ್ರೋಕರಿನ ಬಳಿ), ನಿಮ್ಮ ಮನೆಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಇಂಟ್ರಾಡೇ ಆದರೆ 3 ಗಂಟೆಗೆ ನೀವೇ ಮುಗಿಸಿ. ಮಾರ್ಕೆಟ್ ಮುಚ್ಚುವುದು 3.30ಕ್ಕಾದರೂ ಬ್ರೋಕರು ಅದಕ್ಕೆ ಮೊದಲೇ ತಾನಾಗಿ ಮಾರಿಬಿಡುತ್ತಾನೆ, ಕೆಲವರು ಅದಕ್ಕೂ ಬೇರೆ ಚಾರ್ಜು ಹಾಕುತ್ತಾರೆ. ಭಾವ ಈಗ ಚೀಟಿ ಬರೆಯುತ್ತಾರೆ. ಮೊನ್ನೆ ಅಂಗಡಿಗೆ ಹೋದಾಗ ಗಲ್ಲಾಪೆಟ್ಟಿಗೆ ಮೇಲೆ ಒಂದಿತ್ತು. ಪೆನ್ಸಿಲಿನಲ್ಲಿ ಬರೆದಿದ್ದರು, ಪಕ್ಕದಲ್ಲೇ ರಬ್ಬರೂ ಇತ್ತು.