ಕರುಳಿಗೆ ಬಗೆಬಗೆಯ ಊಟ: ಕ್ಯಾಲೆಂಡರಿನಲ್ಲಿ ಬರೆದಿಡುವ ಕ್ರಮ

ಅಡುಗೆಮನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರ್, ಅದಕ್ಕೊಂದು ಪೆನ್ನು. ಕರುಳಿನ ಕ್ಯಾನ್ಸರಿನ ಅಪಾಯ ತಗ್ಗಿಸಲು ಬಗೆಬಗೆಯದ್ದು ತಿನ್ನಬೇಕು; ತಿನ್ನುತ್ತೇವೆಯೇ ಎಂದು ನೋಡಿಕೊಳ್ಳಲು ಇಷ್ಟಿದ್ದರೆ ಸಾಕು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಆ ದಿನದ ಚೌಕದಲ್ಲಿ ತಿಂದದ್ದನ್ನು ಬರೆಯಿರಿ. ತಿಂಡಿಯ ಹೆಸರಲ್ಲ, ಅದರೊಳಗೆ ಹೋದ ಬೆಳೆಯ ಹೆಸರು. ದೋಸೆ, ಸೇಮಿಗೆ, ಉಂಡೆ, ಗಂಜಿ ಎಂದರೆ ನಾಲ್ಕಾಗುವುದಿಲ್ಲ, ಎಲ್ಲವೂ ಅಕ್ಕಿಯೇ. ದೋಸೆಗೆ ಉದ್ದು ಬಿದ್ದಿದೆಯಲ್ಲ ಎಂದು ನನ್ನ ಅತ್ತಿಗೆಯ ತಕರಾರು. ಸರಿ, ಉದ್ದನ್ನೂ ಬರೆಯಿರಿ.

ನಾನು ಬದಿಯಡ್ಕದ ಕಡೆಯವಳು, ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗುವಾಗ ನೋಡುತ್ತೇನೆ: ಹಿತ್ತಿಲಲ್ಲಿ ಬಸಳೆ ಚಪ್ಪರ, ಹರಿವೆ, ಬಾಳೆ, ಕೆಸು ಎಲ್ಲ ಇರುತ್ತದೆ, ಸಾಂಬಾರಿಗೆ ಮಾತ್ರ ಅಂಗಡಿಯ ಬಟಾಟೆ, ನೀರುಳ್ಳಿ, ಟೊಮೆಟೊ.

ಕರುಳಿನ ಕ್ಯಾನ್ಸರಿಗೂ ಇದಕ್ಕೂ ಏನು ಸಂಬಂಧ? ನಾರು ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬುದನ್ನು ಮಾಡುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಆಹಾರ; ಆ ಪದರ ಚೆನ್ನಾಗಿದ್ದರೆ ಕ್ಯಾನ್ಸರಿನ ಅಪಾಯ ತಗ್ಗುತ್ತದೆ. ಕಾಳಿನ ನಾರು ಒಂದು ತರ, ಸೊಪ್ಪಿನದ್ದು ಇನ್ನೊಂದು ತರ, ಎಲ್ಲ ಬ್ಯಾಕ್ಟೀರಿಯಾಕ್ಕೂ ಎಲ್ಲವೂ ಒಗ್ಗುವುದಿಲ್ಲ. ಹಾಗಾಗಿ ಬಗೆ ಹೆಚ್ಚಿರಲಿ ಎನ್ನುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಕೂಡ ಕನಿಷ್ಠ 8 ಆಹಾರ ಗುಂಪುಗಳು ಬೇಕು, ಊಟದ ತಟ್ಟೆಯ ಅರ್ಧ ಭಾಗ ತರಕಾರಿ, ಹಣ್ಣು, ಸೊಪ್ಪು, ಗೆಡ್ಡೆಗಳಿರಲಿ ಎನ್ನುತ್ತದೆ.

ವಾರದ ಕೊನೆಗೆ ಚೌಕಗಳನ್ನು ನೋಡಿ. ತೊಗರಿ ಒಂದೇ ಇದ್ದರೆ ಮುಂದಿನ ವಾರ ಹುರುಳಿ, ಹೆಸರು, ಅಳಸಂಡೆ ಬೀಜ ನೆನೆಸಿ. ಸೊಪ್ಪಿಲ್ಲದಿದ್ದರೆ ಒಂದೆಲಗದ ತಂಬುಳಿಗೆ ಎಷ್ಟು ಹೊತ್ತು ಬೇಕು? ಮಳೆಗಾಲದ ಆಟಿ ತಿಂಗಳಲ್ಲಂತೂ ತಜಂಕು (ಚಗಟೆ) ಸೊಪ್ಪಿಗೆ ಹಲಸಿನ ಬೀಜ ಸೇರಿಸಿ ಪಲ್ಯ ಮಾಡಬಹುದು, ಕೆಸುವಿನೆಲೆಯ ಪತ್ರೊಡೆ ಮಾಡಬಹುದು. ಅಕ್ಕಿ ಬಿಡಬೇಕಾಗಿಲ್ಲ; ಪೂರ್ತಿ ಪಾಲಿಶ್ ಮಾಡದ, ಕೆಂಪು ತೌಡು ಉಳಿದ ಕುಚ್ಚಲಕ್ಕಿ ತನ್ನಿ.

ಗೊನೆ ಕಡಿದ ಬಾಳೆಯ ದಿಂಡನ್ನು ಗೊಬ್ಬರದ ಗುಂಡಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಹೊರಗಿನ ಪದರಗಳನ್ನು ಸುಲಿದು ಒಳಗಿನ ಬಿಳಿ ದಿಂಡನ್ನು ತೆಳ್ಳಗೆ ಬಿಲ್ಲೆ ಮಾಡಿ. ಕೊಯ್ಯುವಾಗ ಬಿಲ್ಲೆಯ ಹಿಂದೆಯೇ ನೂಲು ಎಳೆದುಕೊಂಡು ಬರುತ್ತದೆ, ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯಿರಿ. ಅದು ಹೋದರೂ ನಾರು ಬೇಕಾದಷ್ಟು ಉಳಿಯುತ್ತದೆ. ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ನೆನೆಸಿದ ಹೆಸರುಕಾಳಿನ ಜೊತೆ ಬೇಯಿಸಿ, ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದರೆ ಕ್ಯಾಲೆಂಡರಿಗೆ ಎರಡು ಹೊಸ ಹೆಸರು. ಅಭ್ಯಾಸವಿಲ್ಲದವರು ಒಮ್ಮೆಲೇ ಬಟ್ಟಲು ತುಂಬ ತಿನ್ನಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ನಿಧಾನಕ್ಕೆ ಹೆಚ್ಚಿಸಿ, ನೀರು ಸರಿಯಾಗಿ ಕುಡಿಯಿರಿ.

ಬೇಕರಿಯಿಂದ ನಾಲ್ಕು ಬಗೆ ತಂದರೂ ಮೈದಾ, ಸಕ್ಕರೆ, ಎಣ್ಣೆ ಅಷ್ಟೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಇನ್ನೂ ದೂರವಿರಲಿ. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ: ದಿನಕ್ಕೆ 50 ಗ್ರಾಂ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇ. 18 ಹೆಚ್ಚು. ದನ, ಆಡಿನ ಮಾಂಸಕ್ಕೂ ಮಿತಿ ಇರಲಿ. ಬೂತಾಯಿ, ಬಂಗುಡೆ ಮೀನು ತಿನ್ನುವವರು ಧಾರಾಳ ತಿನ್ನಿ. ಕುಡಿಯುವ ಗಂಡಸರಿಗೆ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ: ಮದ್ಯವೂ ಈ ಕ್ಯಾನ್ಸರಿಗೆ ಕಾರಣ.

ಹೀಗೆ ತಿಂದವರಿಗೆ ಬರುವುದೇ ಇಲ್ಲ ಎಂದಲ್ಲ, ಅಪಾಯ ತಗ್ಗುತ್ತದೆ ಅಷ್ಟೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಿ ನಾಟಿ ಮದ್ದು ಮಾಡುತ್ತಾ ಕೂರಬೇಡಿ. ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ಕ್ರಮ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ, ರಕ್ತಹೀನತೆ ಇದ್ದರೆ ಡಾಕ್ಟರಿಗೆ ತೋರಿಸಿ. ಅಪ್ಪ ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ನಿಮಗೆ ಏನೂ ತೊಂದರೆ ಇಲ್ಲದಿದ್ದರೂ ಆ ಮಾತು ಡಾಕ್ಟರಲ್ಲಿ ಹೇಳಲೇಬೇಕು. ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡುವಾಗ ಪಾಲಿಪ್ ಎಂಬ ಸಣ್ಣ ಗಡ್ಡೆ ಸಿಕ್ಕಿದರೆ, ಅದು ಕ್ಯಾನ್ಸರಾಗುವ ಮೊದಲೇ ಸಾಮಾನ್ಯವಾಗಿ ಅಲ್ಲಿಯೇ ತೆಗೆದುಬಿಡುತ್ತಾರೆ.